ಮಗಳ ಗಳಿಕೆಯೂ ಅಚೌರ್ಯವ್ರತವೂ

ಬೇಲೂರಿನಲ್ಲಿ ಕಪ್ಪೆಚೆನ್ನಿಗರಾಯನ ಗುಡಿಯನ್ನೂ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದವಳು ಜೈನರಾಣಿ ಶಾಂತಲೆ. ಹೆಣ್ಣು ತನ್ನ ಧನವನ್ನು ತನ್ನಿಚ್ಛೆಯಂತೆ ವಿನಿಯೋಗಿಸುವುದು ಈ ಸೀಮೆಗೆ ಹೊಸತಲ್ಲ. ಆದರೆ ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೆಯ ಕಲಮು ಬೇರೆಯೇ ಹೇಳುತ್ತದೆ. ಅರಸೀಕೆರೆಯಲ್ಲಿಯೋ ಹಳೇಬೀಡಿನಲ್ಲಿಯೋ ದುಡಿದು ಮನೆ ಕೊಂಡ ಉಪಾಧ್ಯಾಯಿನಿಯೊಬ್ಬಳು, ಪತಿಯೂ ಮಕ್ಕಳೂ ಇಲ್ಲದೆ, ಉಯಿಲು ಬರೆಯದೆ ತೀರಿಕೊಂಡಳೆನ್ನೋಣ. ಆ ಮನೆ ಅವಳನ್ನು ಓದಿಸಿದ ತಾಯಿಗಲ್ಲ, ಮೃತಪತಿಯ ವಾರಸುದಾರರಿಗೆ! ಗಂಡಸಿನ ಸ್ವತ್ತಾದರೋ ಹೆಂಡತಿಯ ತವರಿನವರಿಗೆ ಎಂದೂ ಹೋಗದು.

ಈ ಕಲಮನ್ನು ತಿದ್ದಬೇಕೆಂದು ಕಾನೂನು ಆಯೋಗವು 2008ರಲ್ಲಿಯೇ 207ನೆಯ ವರದಿಯಲ್ಲಿ ಸೂಚಿಸಿತು, ಅದು ಕಾಯಿದೆಯಾಗಲಿಲ್ಲ. ಮದುವೆಯಾದ ಮೂರೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರದೂಡಲ್ಪಟ್ಟು, ತವರಿನ ಆಸರೆಯಲ್ಲಿ ಓದಿ ಗಳಿಸಿದವಳೊಬ್ಬಳ ಹಣವನ್ನು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಕರವೊಂದೇ ಆಧಾರವಾಗದೆಂದು, ಅದೇ ಗಂಡನ ಕಡೆಯವರಿಗೆ ಕೊಟ್ಟಿತು.

ಕೊಡದುದನ್ನು ಕೊಳ್ಳುವುದೇ ಚೌರ್ಯವೆಂಬುದು ಶ್ರಾವಕರಿಗೆ ಗೊತ್ತಿಲ್ಲದ ಮಾತೇ? ಕಾಯಿದೆ ಕೊಟ್ಟಿತೆನ್ನಬಹುದು, ಅವಳು ಕೊಟ್ಟಳೇ? ಉಯಿಲು ಬರೆಯಬಹುದಿತ್ತೆಂಬ ಸಮಾಧಾನವೂ ಸಲ್ಲದು. ಉಯಿಲು ಬರೆಯದೆ ಸತ್ತ ಗಂಡಸಿಗೆ ಈ ದಂಡವಿಲ್ಲ. ಬಸದಿಗಳ ಟ್ರಸ್ಟುಗಳು ಪಂಚಕಲ್ಯಾಣದ ಆಹ್ವಾನಪತ್ರಿಕೆಗೆ ತೋರುವ ಶ್ರದ್ಧೆಯಲ್ಲಿ ಕಿಂಚಿತ್ತನ್ನು ಸಂಸತ್ತಿಗೊಂದು ಮನವಿ ಬರೆಯಲು ತೋರಲಿ. ಅದುವರೆಗೆ ಹೆಣ್ಣುಮಕ್ಕಳ ಉಯಿಲು ಬರೆಸಿಕೊಡುವ ವ್ಯವಸ್ಥೆ ಬಸದಿಯ ಕಚೇರಿಯಲ್ಲಿಯೇ ಆಗಲಿ.