ರೋಗರಕ್ಷಕ ಕಣಗಳೂ ಅವುಗಳ ಆಹಾರವೂ

ರಕ್ತದ ಬಿಳಿಯ ಕಣಗಳನ್ನು ಸೈನಿಕರಿಗೆ ಹೋಲಿಸುವುದು ನಮ್ಮ ಪಠ್ಯಪುಸ್ತಕಗಳ ವಾಡಿಕೆ. ಶತ್ರು ಬಂದೊಡನೆ ಅವು ಹೋರಾಡುತ್ತವೆಂದು ಹೇಳಿದರೆ ಅಧ್ಯಾಯ ಮುಗಿಯಿತು. ಪ್ರೋಟೀನು, ಅಮೈನೋ ಆಮ್ಲ ಮುಂತಾದುವು ಬೇರೊಂದು ಅಧ್ಯಾಯಕ್ಕೆ ಸೇರಿದುವು. ಈ ವಿಂಗಡಣೆ ಪರೀಕ್ಷೆಗೆ ಅನುಕೂಲವಾದೀತು. ದೇಹವಾದರೋ ಅದನ್ನು ಅರಿಯದು.

ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನೇ ನೋಡಿರಿ. ನಮ್ಮ ದೇಹ ಇದನ್ನು ತಯಾರಿಸಲಾರದು. ಬೇಳೆ, ಹಾಲು, ಮೊಟ್ಟೆ ಮುಂತಾದ ಆಹಾರದಿಂದಲೇ ದೊರೆಯಬೇಕು. ಬಿಳಿಯ ಕಣಗಳಲ್ಲಿ ಒಂದು ಬಗೆಯಾದ ಟಿ-ಕಣವು ಶತ್ರುವನ್ನು ಗುರುತಿಸಿದ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಹೊಂದಬೇಕು. ಅದಕ್ಕೆ ಹೊಸ ಪ್ರೋಟೀನು ಬೇಕು. ಸುತ್ತಲಿನ ದ್ರವದಲ್ಲಿ ಟ್ರಿಪ್ಟೊಫ್ಯಾನ್ ಬರಿದಾದರೆ ಕಣದೊಳಗಿನ ಜಿಸಿಎನ್2 ಎಂಬ ಕಿಣ್ವವು ಆ ಕೊರತೆಯನ್ನು ಗ್ರಹಿಸಿ ವೃದ್ಧಿಯನ್ನು ತಡೆಯುತ್ತದೆ. ಇಷ್ಟೇ ಅಲ್ಲ. ಟ್ರಿಪ್ಟೊಫ್ಯಾನ್ ಒಡೆದಾಗ ಉಂಟಾಗುವ ಕೈನುರೆನಿನ್ ಎಂಬ ವಸ್ತುವು ಕೆಲವು ಟಿ-ಕಣಗಳನ್ನು, ಹೋರಾಡುವುದರ ಬದಲು ಇತರ ಕಣಗಳನ್ನು ಶಾಂತಗೊಳಿಸುವ ಕೆಲಸಕ್ಕೆ ತಿರುಗಿಸುತ್ತದೆ.

ಇದರಿಂದ ದೇಹಕ್ಕೇನು ಪ್ರಯೋಜನ? ತಂದೆಯ ಅಂಶವನ್ನೂ ಹೊತ್ತ ಭ್ರೂಣವು ತಾಯಿಯ ದೇಹಕ್ಕೆ ಅರ್ಧ ಪರಕೀಯವಷ್ಟೆ. ಆದರೂ ತಾಯಿಯ ಕಣಗಳು ಅದನ್ನೇಕೆ ನಾಶಮಾಡುವುದಿಲ್ಲ ಎಂದು ಪೀಟರ್ ಮೆಡಾವರ್ 1953ರಲ್ಲಿ ಕೇಳಿದ್ದರು. 1998ರಲ್ಲಿ ಅಮೆರಿಕದ ಜಾರ್ಜಿಯದಲ್ಲಿ ಡೇವಿಡ್ ಮನ್, ಆಂಡ್ರ್ಯೂ ಮೆಲರ್ ಮತ್ತು ಸಂಗಡಿಗರು ಗರ್ಭಿಣಿ ಇಲಿಗಳಿಗೆ, ಟ್ರಿಪ್ಟೊಫ್ಯಾನನ್ನು ಒಡೆಯುವ ಐಡಿಒ ಎಂಬ ಕಿಣ್ವವನ್ನು ತಡೆಯುವ ಔಷಧವನ್ನು ಕೊಟ್ಟರು. ಬೇರೆ ತಳಿಯ ತಂದೆಯ ಭ್ರೂಣಗಳು ನಾಶವಾದುವು. ತಾಯಿಯದೇ ತಳಿಯ ತಂದೆಯವು ಉಳಿದುವು. ಆದುದರಿಂದ ಔಷಧವು ವಿಷವಾಗಿ ಕೊಂದಿತೆನ್ನುವಂತಿಲ್ಲ. ಇಷ್ಟು ಸ್ವಚ್ಛವಾದ ಪ್ರಯೋಗಗಳು ವಿರಳ.

ಹಲವು ಕ್ಯಾನ್ಸರ್ ಗೆಡ್ಡೆಗಳೂ ಇದೇ ಕಿಣ್ವವನ್ನು ತಯಾರಿಸಿ ಟಿ-ಕಣಗಳಿಂದ ತಪ್ಪಿಸಿಕೊಳ್ಳುತ್ತವೆ. ಕಿಣ್ವವನ್ನು ತಡೆದರೆ ಗೆಡ್ಡೆ ಸೋಲಬೇಡವೆ? ಎಪಕಾಡೊಸ್ಟಾಟ್ ಎಂಬ ಔಷಧವನ್ನು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 700ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗವು 2018ರಲ್ಲಿ ವಿಫಲವಾಯಿತು. ರೂಢಿಯಲ್ಲಿದ್ದ ಔಷಧದೊಡನೆ ಇದನ್ನು ಸೇರಿಸಿದುದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆ ಬಳಿಕ ಹಲವು ಕಂಪೆನಿಗಳು ಈ ದಾರಿಯನ್ನೇ ಕೈಬಿಟ್ಟುವು.

ನನ್ನ ಅಭಿಪ್ರಾಯದಲ್ಲಿ ಇದು ಆತುರದ ತೀರ್ಪು. ಯಾರ ಗೆಡ್ಡೆಯಲ್ಲಿ ಈ ಕಿಣ್ವವಿದೆಯೆಂದು ನೋಡಿ ರೋಗಿಗಳನ್ನು ಆಯ್ದಿರಲಿಲ್ಲ. ಟಿಡಿಒ ಎಂಬ ಇನ್ನೊಂದು ಕಿಣ್ವವೂ ಟ್ರಿಪ್ಟೊಫ್ಯಾನನ್ನು ಒಡೆಯಬಲ್ಲುದು. ಐಡಿಒ ಇಲ್ಲದೆಯೇ ಹುಟ್ಟಿಸಿದ ಇಲಿಗಳೂ ಮರಿ ಹಾಕುತ್ತವೆ. ಎಂದರೆ, ದೇಹಕ್ಕೆ ಬೇರೆ ದಾರಿಗಳೂ ಉಂಟು. ಒಂದು ಬಾಗಿಲನ್ನು ಮುಚ್ಚಿ ಮನೆಯೇ ಭದ್ರವಾಯಿತೆಂದು ಎಣಿಸಿದುದು ತಪ್ಪಾಯಿತೇ ಹೊರತು, ಮೂಲತತ್ತ್ವವು ಸುಳ್ಳಾಗಲಿಲ್ಲ. ಅಮೈನೋ ಆಮ್ಲವೊಂದನ್ನು ಕಸಿದುಕೊಳ್ಳುವುದೇ ಮದ್ದಾಗಿರುವ ಉದಾಹರಣೆಯೂ ಇದೆ: ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಆಸ್ಪರಾಜಿನೇಸ್ ಎಂಬ ಕಿಣ್ವವನ್ನು ಚುಚ್ಚಿ, ಕೆಟ್ಟ ಕಣಗಳಿಗೆ ಆಸ್ಪರಾಜಿನ್ ಸಿಗದಂತೆ ಮಾಡುತ್ತಾರೆ. ಇದು ದಶಕಗಳಿಂದ ನಡೆದುಬಂದ ಚಿಕಿತ್ಸೆ.

ಪಠ್ಯಪುಸ್ತಕ ರಚಿಸುವವರು 1998ರ ಆ ಇಲಿಗಳಿಗೆ ಎರಡು ಪುಟವನ್ನಾದರೂ ಮೀಸಲಿಡಬೇಕು. 2018ರ ಸೋಲಿಗೆ ಇನ್ನೊಂದು ಪುಟ.