ಬ್ಯಾರನ್‌ಗೆ ದಪ್ಪ ಗೋಡೆ, ಮನೆಗೆ ತೆಳು ಶೀಟು

ಆಗಸ್ಟ್ ತಿಂಗಳಲ್ಲಿ ಹುಣಸೂರಿನಿಂದ ಕಟ್ಟೆಮಳಲವಾಡಿಯ ಕಡೆ ಹೊರಟರೆ ಮಳೆಯ ವಾಸನೆಗಿಂತ ಮೊದಲು ಮೂಗಿಗೆ ಬಡಿಯುವುದು ಬ್ಯಾರನ್‌ಗಳ, ಅಂದರೆ ತಂಬಾಕು ಹದಮಾಡುವ ಗೂಡುಗಳ, ಹೊಗೆ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಒಳಗೆ ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಹಸಿ ಎಲೆ, ಕೆಳಗೆ ಕಾದ ತಗಡಿನ ಕೊಳವೆ, ಹೊರಗೆ ಒಲೆಯ ಬಾಯಿಗೆ ಸೌದೆ ನೂಕುತ್ತ ರಾತ್ರಿಯಿಡೀ ಎಚ್ಚರವಿರುವ ಮನೆ ಮಂದಿ. ಐದಾರು ದಿನಗಳ ಕಾಲ ಶಾಖ ಹಂತಹಂತವಾಗಿ ಏರಬೇಕು, ಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಬೇಕು. ಗೋಡೆಯಲ್ಲಿ ಒಂದು ಬಿರುಕು ಬಿಟ್ಟು ಶಾಖ ಸೋರಿತೆಂದರೆ ಎಲೆಯ ಬಣ್ಣ ಕೆಡುತ್ತದೆ, ತಂಬಾಕು ಮಂಡಳಿಯ ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಉರಿದುಹೋಗುವಾಗ ಸೋರುವ ಶಾಖವೆಂದರೆ ಸೋರುವ ದುಡ್ಡು. ಹಾಗಾಗಿ ರೈತರು ಬ್ಯಾರನ್ ಗೋಡೆಯನ್ನು ದಪ್ಪವಾಗಿ ಕಟ್ಟುತ್ತಾರೆ, ಹಂಗಾಮಿಗೆ ಮೊದಲು ಸಂದುಗೊಂದಿಗಳಿಗೆ ಮಣ್ಣು ಮೆತ್ತುತ್ತಾರೆ, ಬಾಗಿಲು ಕಿಂಡಿಗಳು ಕೂಡಿಕೊಳ್ಳುತ್ತವೆಯೇ ಎಂದು ಒಂದೊಂದನ್ನೂ ನೋಡುತ್ತಾರೆ.

ಈಗ ಅದೇ ಹೊಲದ ಮಗ್ಗುಲಲ್ಲಿ ಆ ಕುಟುಂಬ ಮಲಗುವ ಮನೆಯನ್ನು ನೋಡಿ. ಐದಾರು ಅಂಗುಲದ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಸಿಮೆಂಟ್ ಶೀಟು. ಸ್ವಲ್ಪ ಅನುಕೂಲ ಇದ್ದರೆ ಮೋಲ್ಡ್ ಹಾಕಿದ ತಾರಸಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂರಲಾಗುವುದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಆ ಶಾಖವನ್ನು ರಾತ್ರಿ ಒಳಗೆ ಬಿಡುವುದರಿಂದ ಮನೆಯವರು ಜಗಲಿಗೋ ಅಂಗಳಕ್ಕೋ ಚಾಪೆ ಹಿಡಿದು ಬರುತ್ತಾರೆ. ಸೊಪ್ಪನ್ನು ಕಾಪಾಡಲು ಗೊತ್ತಿರುವ ವಿದ್ಯೆ ಮಕ್ಕಳನ್ನು ಕಾಪಾಡುವಾಗ ಏಕೆ ಕೈಬಿಟ್ಟುಹೋಯಿತು? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ವಸತಿ ಪ್ರಶ್ನೆಯನ್ನು ಇಲ್ಲಿಂದಲೇ ಶುರು ಮಾಡಬೇಕು ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ತಿಳಿವಳಿಕೆಗೆ ಬರವಿಲ್ಲ. ಆ ತಿಳಿವಳಿಕೆಗೆ ಮರ್ಯಾದೆ ಇಲ್ಲ, ಅಷ್ಟೇ.

ಮರ್ಯಾದೆ ಕಸಿದದ್ದು ‘ಪಕ್ಕಾ ಮನೆ’ ಎಂಬ ಎರಡು ಪದ. ಸರ್ಕಾರದ ಸಮೀಕ್ಷೆಯಲ್ಲಿ ಮಣ್ಣಿನ ಗೋಡೆ ‘ಕಚ್ಚಾ’ ಕಾಲಂಗೆ ಹೋಗುತ್ತದೆ. ಕಚ್ಚಾ ಎಂದರೆ ಬಡತನ, ಪಕ್ಕಾ ಎಂದರೆ ಸಿಮೆಂಟು ಎಂಬ ಸಮೀಕರಣ ಎರಡು ತಲೆಮಾರಿನಿಂದ ನಮ್ಮ ಮನಸ್ಸಿನಲ್ಲಿ ಬೇರುಬಿಟ್ಟಿದೆ. ಹೆಣ್ಣು ನೋಡಲು ಬಂದವರು ಮೊದಲು ಸೂರನ್ನು ನೋಡುತ್ತಾರೆ. ಸಂಬಂಧ ಕೂಡಿಬರುವುದು ತಾರಸಿ ಮನೆಗೆ.

ಹಳ್ಳಿಯವರು ಮಣ್ಣಿನ ಮನೆ ಬಿಟ್ಟದ್ದಕ್ಕೆ ಗಟ್ಟಿ ಕಾರಣಗಳೂ ಇದ್ದವು. ಅವನ್ನು ಹೇಳದೆ ತೊಟ್ಟಿಮನೆಯ ತಂಪನ್ನು ಕೊಂಡಾಡುವ ನಗರದ ಬರಹಗಳ ಬಗ್ಗೆ ನನಗೆ ತಕರಾರಿದೆ. ನಾಡಹೆಂಚಿನ ಮನೆ ಎಂದರೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಸೂರು ಹತ್ತಿ ಹೆಂಚು ಕೈಯಾಡಿಸಬೇಕು. ಕೋತಿಗಳ ಕಾಟ ಬೇರೆ. ಗೆದ್ದಲು ತೊಲೆಯನ್ನು ತಿನ್ನುತ್ತದೆ. ನೆಲ ಸಾರಿಸುವ ಕೆಲಸವೆಲ್ಲ ಹೆಂಗಸರ ಬೆನ್ನಿಗೆ. ರಾಗಿ, ಹುರುಳಿ ಒಣಹಾಕಲು ತಾರಸಿಯಷ್ಟು ಅನುಕೂಲ ಇನ್ನೊಂದಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಗೋಡೆ ಬೀಳುವ ಭಯ. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಹೊಳೆ ಉಕ್ಕಿದಾಗ, ಕಬಿನಿ ತುಂಬಿ ಹರಿದಾಗ ಹುಣಸೂರು, ಎಚ್.ಡಿ. ಕೋಟೆ ಸೀಮೆಯಲ್ಲಿ ಕುಸಿದ ಮನೆಗಳಲ್ಲಿ ಹೆಚ್ಚಿನವು ಮಣ್ಣಿನ ಗೋಡೆಯವೇ. ಅಂಥ ಮನೆಯವರ ಎದುರು ನಿಂತು ಮಣ್ಣಿನ ಗುಣಗಾನ ಮಾಡಲು ಯಾರಿಗೂ ಬಾಯಿ ಬರಬಾರದು.

ಆದರೆ ಆ ಗೋಡೆಗಳು ಬಿದ್ದದ್ದು ಹೇಗೆ ಎಂದು ವಿಚಾರಿಸಿದವರು ಕಡಿಮೆ. ಮಣ್ಣಿನ ಗೋಡೆಗೆ ಎರಡು ಆಸರೆ ಬೇಕು, ಕಾಲಿಗೆ ಕಲ್ಲಿನ ತಳಪಾಯ, ತಲೆಗೆ ಅಗಲವಾದ ಸೂರು. ಹಿಂದಿನವರು ನೆಲದಿಂದ ಎರಡು ಅಡಿಯಾದರೂ ಕಲ್ಲು ಕಟ್ಟಿ ಆಮೇಲೆ ಮಣ್ಣು ಏರಿಸುತ್ತಿದ್ದರು, ಸೂರನ್ನು ಗೋಡೆಯಿಂದ ಮೂರು ಅಡಿ ಆಚೆಗೆ ಚಾಚುತ್ತಿದ್ದರು. ಈಚೆಗೆ ಆಗಿದ್ದು ಬೇರೆ. ಊರ ಒಳಗೆ ಕಾಂಕ್ರೀಟ್ ರಸ್ತೆ ಬಂತು. ರಸ್ತೆ ಪ್ರತಿ ಸಲ ಆರಂಗುಲ ಎತ್ತರವಾಯಿತು, ಮನೆ ತಗ್ಗಿಗೆ ಇಳಿಯಿತು, ಚರಂಡಿ ತುಂಬಿದ ನೀರು ಕಲ್ಲಿನ ಮಟ್ಟ ಮೀರಿ ಮಣ್ಣಿಗೆ ತಗುಲಿತು. ಹೆಂಚು ತೆಗೆದು ಶೀಟು ಹಾಕುವಾಗ ಸೂರು ಮೊಟಕಾಯಿತು. ಚೆಂದ ಕಾಣಲಿ ಎಂದು ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಬಳಿದರು. ಸಿಮೆಂಟೂ ಮಣ್ಣೂ ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ನಡುವೆ ಸೇರಿದ ತೇವ ಹೊರಬರಲಾಗದೆ ಗೋಡೆಯನ್ನು ಒಳಗಿಂದಲೇ ಕರಗಿಸುತ್ತದೆ. ಮಳೆಗಾಲದಲ್ಲಿ ಬಿದ್ದ ಎಷ್ಟೋ ಗೋಡೆಗಳ ಹಿಂದೆ ಹೀಗೆ ಒಂದೊಂದೇ ಸೇರಿದ ತಪ್ಪುಗಳಿವೆ, ಆರೋಪ ಮಾತ್ರ ಮಣ್ಣಿನ ಮೇಲೆ.

   

ಈ ಸೀಮೆಯ ಮಣ್ಣಿನ ವಿಷಯಕ್ಕೆ ಬರೋಣ. ಇಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕಿಗೆ ದೇಶದ ಮಾರುಕಟ್ಟೆಯಲ್ಲಿ ‘ಕರ್ನಾಟಕದ ಹಗುರ ಮಣ್ಣಿನ’ ಸೊಪ್ಪು ಎಂಬ ಹೆಸರೇ ಇದೆ. ಮರಳು ಮಿಶ್ರಿತ ಕೆಂಪು ಮಣ್ಣು, ಜೇಡಿ ಕಡಿಮೆ, ನೀರು ನಿಲ್ಲುವುದಿಲ್ಲ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯತ್ತ ತಿರುಗಿ. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಅವರಂಥ ಎಂಜಿನಿಯರುಗಳು ದಶಕಗಟ್ಟಲೆ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಮಣ್ಣಿಗೆ ಶೇ 7–8ರಷ್ಟು ಸಿಮೆಂಟ್ ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರದಲ್ಲಿ ಅದುಮಿ, ಮೂರು ವಾರ ನೀರುಣಿಸಿದರೆ ಸುಡುವ ಅಗತ್ಯವೇ ಇಲ್ಲದ ಗಟ್ಟಿ ಇಟ್ಟಿಗೆ ಸಿದ್ಧ. ಇದಕ್ಕೆ ಎಂಥ ಮಣ್ಣು ಉತ್ತಮ ಎಂದರೆ ಮೂರರಲ್ಲಿ ಎರಡು ಪಾಲು ಮರಳಿರುವ, ಜೇಡಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಇರುವ ಮಣ್ಣು ಎಂಬುದು ಅವರ ಶಿಫಾರಸು. ತಂಬಾಕು ಒಲಿದ ಮಣ್ಣಿನ ಲಕ್ಷಣವೂ ಹೆಚ್ಚುಕಡಿಮೆ ಇದೇ. ಮೇಲಿನ ಫಲವತ್ತಾದ ಪದರವನ್ನು ಬದಿಗಿಟ್ಟು, ತಳಪಾಯಕ್ಕೋ ನೀರಿನ ತೊಟ್ಟಿಗೋ ಹೇಗೂ ಅಗೆಯುವ ಮಣ್ಣಿನಿಂದಲೇ ಗೋಡೆ ಎದ್ದು ನಿಲ್ಲಬಲ್ಲದು.

ಬೆಂಗಳೂರಿನಲ್ಲಿ ಇದು ನಡೆದೂ ಇದೆ. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ವಿದ್ಯಾರಣ್ಯಪುರದ ತಮ್ಮ ಮನೆಯನ್ನು ನಿವೇಶನದಲ್ಲೇ ಅಗೆದ ಮಣ್ಣಿನಿಂದ ಕಟ್ಟಿದರು.  ಇಂಥ ಇಟ್ಟಿಗೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1725 ಎಂಬ ಮಾನದಂಡವಿದೆ, 2013ರಲ್ಲಿ ಪರಿಷ್ಕರಣೆಯೂ ಆಗಿದೆ. ಹಾಗಾದರೆ ಮಣ್ಣಿನ ಇಟ್ಟಿಗೆ ರಾಜಧಾನಿಯ ಅನುಕೂಲಸ್ಥರ ಪ್ರತಿಷ್ಠೆಯಾಗಿ, ಮಣ್ಣು ಧಾರಾಳವಾಗಿರುವ ಹುಣಸೂರಿನ ಕೂಲಿಕಾರರ ಮನೆಗೆ ಏಕೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಸತಿ ಇಲಾಖೆಯವರು.

ಮನೆ ಇಲ್ಲದವರಿಗೆ ಮನೆ ಎಂಬ ಮಾತನ್ನು ಈ ರಾಜ್ಯದ ರಾಜಕಾರಣದ ಮುಂದಿಟ್ಟವರಲ್ಲಿ ಮುಖ್ಯರು ಡಿ. ದೇವರಾಜ ಅರಸು. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಎಪ್ಪತ್ತರ ದಶಕದ ಜನತಾ ಮನೆಗಳು ಇಂದಿಗೂ ಹಳ್ಳಿಗಳ ಅಂಚಿನಲ್ಲಿ ಕಾಣಸಿಗುತ್ತವೆ. ಇಂದು ಬಸವ ವಸತಿ, ಅಂಬೇಡ್ಕರ್ ನಿವಾಸ್, ಅರಸು ಅವರ ಹೆಸರಿನದೇ ಯೋಜನೆ, ಪ್ರಧಾನಮಂತ್ರಿ ಆವಾಸ್ ಎಂದು ಹೆಸರುಗಳು ಹಲವಾಗಿವೆ. ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಫಲಾನುಭವಿಗೆ ಸಿಗುವುದು 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಈ ದುಡ್ಡಿನಲ್ಲಿ ಸಿಮೆಂಟು, ಕಬ್ಬಿಣ, ಎಂ ಸ್ಯಾಂಡ್ ಕೊಂಡು ಮನೆ ಮುಗಿಯುವುದಿಲ್ಲ ಎಂಬುದು ಪಂಚಾಯಿತಿ ಕಟ್ಟೆಯ ಮೇಲೆ ಕೂತ ಎಲ್ಲರಿಗೂ ಗೊತ್ತು. ಉಳಿದದ್ದು ಸಾಲ. ಲಿಂಟಲ್ ಮಟ್ಟಕ್ಕೆ ನಿಂತು, ಕಂಬಿಗಳು ಆಕಾಶಕ್ಕೆ ಚಾಚಿಕೊಂಡ ಅರೆಬರೆ ಮನೆಗಳು ಯಾವ ಊರಲ್ಲಿ ಇಲ್ಲ? ಅದೇ ಯೋಜನೆಯ ಮಾರ್ಗಸೂಚಿ ಸ್ಥಳೀಯ ಸಾಮಗ್ರಿ ಬಳಸಿ, ಗಾರೆ ಕೆಲಸದವರಿಗೆ ತರಬೇತಿ ಕೊಡಿ, ಆಯಾ ಪ್ರದೇಶಕ್ಕೆ ಹೊಂದುವ ವಿನ್ಯಾಸ ಮಾಡಿ ಎನ್ನುತ್ತದೆ. ನೆಲದ ಮೇಲೆ ನಡೆಯುವುದು ಮಾತ್ರ ಒಂದೇ ಎಸ್ಟಿಮೇಟು. ಕಂತು ಬಿಡುಗಡೆಗೆ ತಳಪಾಯ, ಲಿಂಟಲ್, ಛಾವಣಿ ಎಂದು ಫೋಟೊ ತೆಗೆಯುವವರಿಗೆ ಮಣ್ಣಿನ ಇಟ್ಟಿಗೆಯ ಗೋಡೆ ಕಂಡರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಆದಿವಾಸಿ ಹಾಡಿಗಳ ಕಡೆ ಈ ವಿಷಯ ಇನ್ನೂ ನೋವಿನದು. ನಾಗರಹೊಳೆಯ ಅಂಚಿನ ಜೇನುಕುರುಬರು, ಬೆಟ್ಟಕುರುಬರು ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಮೇಲೆ ಹುಲ್ಲು ಹೊದಿಸಿ ಕಟ್ಟಿಕೊಳ್ಳುತ್ತಿದ್ದ ಮನೆ ಆ ಕಾಡಿನ ಮಳೆಗೂ ಚಳಿಗೂ ಹೊಂದಿಕೊಂಡ ಮನೆ. ಒಳಗೆ ಸದಾ ಉರಿಯುವ ಒಲೆಯ ಹೊಗೆ ಬಿದಿರನ್ನೂ ಹುಲ್ಲನ್ನೂ ಹುಳುವಿನಿಂದ ಕಾಯುತ್ತಿತ್ತು. ಕಾಡಿನಿಂದ ಹೊರತಂದ ಮೇಲೆ ಸಿಕ್ಕಿದ್ದು ಸಾಲುಮನೆ. ಅಲ್ಲಿ ಒಲೆಗೆ ಜಾಗವಿಲ್ಲ, ಹತ್ತು ಜನ ಕೂರಲು ನೆರಳಿಲ್ಲ. 2023ರ ನವೆಂಬರ್‌ನಲ್ಲಿ ಶುರುವಾದ ಪಿಎಂ–ಜನಮನ್ ಯೋಜನೆಯಲ್ಲಿ ಜೇನುಕುರುಬರ ಪ್ರತಿ ಮನೆಗೆ 2 ಲಕ್ಷ ರೂಪಾಯಿ ನೆರವಿದೆ. ಆ ಹಣ ಗುತ್ತಿಗೆದಾರರ ಕೈ ಸೇರುವ ಮೊದಲು ಹಾಡಿಯ ಹಿರಿಯರ ಜೊತೆ ಒಂದು ದಿನ ಕೂತು, ನಿಮಗೆ ಎಂಥ ಮನೆ ಬೇಕು ಎಂದು ಕೇಳಲು ಖರ್ಚೇನೂ ಇಲ್ಲ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ 1940ರ ದಶಕದಲ್ಲಿ ನ್ಯೂ ಗೌರ್ನಾ ಎಂಬ ಮಣ್ಣಿನ ಊರನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿಸಿದರೂ ಬಹುಪಾಲು ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ತಮ್ಮ ನೆಲೆ ಬಿಡುವ ಮನಸ್ಸೇ ಅವರಿಗಿರಲಿಲ್ಲ. ಸಾಮಗ್ರಿ ಎಷ್ಟೇ ಒಳ್ಳೆಯದಿರಲಿ, ಕೇಳದೆ ಕಟ್ಟಿದ ಮನೆ ಮನೆಯಾಗುವುದಿಲ್ಲ.

ಊರು ಕಟ್ಟುವ ಬಗೆಗೂ ಪಕ್ಕದಲ್ಲೇ ಪಾಠವಿದೆ. 1924ರಲ್ಲಿ ಕಾವೇರಿ ಉಕ್ಕಿ ಹರಿದ ಮೇಲಿನ ವರ್ಷಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಹೊಳೆಯಂಚಿನ ಹಳೆಯ ಎಡತೊರೆಗೆ ಬದಲಾಗಿ ಅಗಲ ಬೀದಿಗಳ ಹೊಸ ಪಟ್ಟಣ ಎದ್ದಿತು. ಅದೇ ಕೃಷ್ಣರಾಜನಗರ. ಹೊಳೆಗೆ ಅದರ ಜಾಗ ಬಿಟ್ಟುಕೊಡಬೇಕೆಂಬ ವಿವೇಕ ನೂರು ವರ್ಷದ ಹಿಂದೆ ನಮಗಿತ್ತು. ಇಂದು ಹೊಳೆ ಪಕ್ಕದ ತಗ್ಗಿನ ಗದ್ದೆಗಳೇ ಬಡಾವಣೆಯಾಗುತ್ತಿವೆ. 2019ರಲ್ಲಿ ಹುಣಸೂರಿನ ಬಡಾವಣೆಗಳಿಗೆ ನುಗ್ಗಿದ ಲಕ್ಷ್ಮಣತೀರ್ಥ ತಾನು ಹಿಂದೆ ಹರಡಿಕೊಳ್ಳುತ್ತಿದ್ದ ನೆಲಕ್ಕೇ ಬಂದಿತ್ತು. ಮಳೆ ಇಳಿದ ಮೇಲೆ ಅದೇ ಹೊಳೆಗೆ ಪಟ್ಟಣದ ಕೊಳಚೆ ಸೇರುತ್ತದೆ.

ಮಳೆಯ ಲೆಕ್ಕವನ್ನೂ ಒಮ್ಮೆ ಹಾಕಿ. ವರ್ಷಕ್ಕೆ 800 ಮಿ.ಮೀ. ಮಳೆ ಎಂದಿಟ್ಟುಕೊಂಡರೆ 600 ಚದರ ಅಡಿಯ ಸೂರಿನ ಮೇಲೆ ಬೀಳುವ ನೀರು ಸುಮಾರು 44,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 35,000 ಲೀಟರ್ ಉಳಿಯುತ್ತದೆ. ದಿನಕ್ಕೆ ನೂರು ಲೀಟರ್‌ನಂತೆ ಬಳಸಿದರೆ ಹೆಚ್ಚುಕಡಿಮೆ ವರ್ಷದ ನೀರು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಕೊಳವೆಬಾವಿ ಬತ್ತಿದ ನಮ್ಮ ಊರುಗಳಲ್ಲಿ ಸೂರಿನ ನೀರು ನೇರ ರಸ್ತೆಗೆ ಬೀಳುತ್ತದೆ, ಅಲ್ಲಿಂದ ಪಕ್ಕದ ಮನೆಯ ಮಣ್ಣಿನ ಗೋಡೆಗೆ.

ಸಿಮೆಂಟಿನ ಮನೆಯ ಬೆಲೆಯನ್ನು ಜಗತ್ತೂ ತೆರುತ್ತದೆ. ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟ್ ತಯಾರಿಕೆಯದು. ಸುಟ್ಟ ಇಟ್ಟಿಗೆಗೆ ಬದಲು ಮಣ್ಣಿನ ಇಟ್ಟಿಗೆ ಮತ್ತು ಹಗುರ ಛಾವಣಿ ಬಳಸಿದರೆ ಮನೆ ಕಟ್ಟಲು ವ್ಯಯವಾಗುವ ಶಕ್ತಿ ಅರ್ಧದಷ್ಟು ಇಳಿಯುತ್ತದೆ ಎಂದು ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ ಲೆಕ್ಕ ಹಾಕಿ ತೋರಿಸಿದ್ದಾರೆ. ತಾರಸಿ ಬೇಕೇ ಬೇಕು ಎನ್ನುವವರಿಗೂ ದಾರಿಯಿದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡಿದಂತೆ ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚು ಜೋಡಿಸಿ ಕಾಂಕ್ರೀಟ್ ಸುರಿಯಬಹುದು. ಭಾರ ಹೊರದ ಜಾಗದ ಕಾಂಕ್ರೀಟು ಉಳಿತಾಯವಾಗುತ್ತದೆ, ಒಳಗೂ ತಂಪು, ರಾಗಿ ಒಣಹಾಕಲು ಮೇಲೆ ಅದೇ ಗಟ್ಟಿ ತಾರಸಿ. ಹೆಂಚು ತೆಗೆದು ಹಿತ್ತಲಲ್ಲಿ ಒಟ್ಟಿರುವ ಮನೆಗಳು ಇಲ್ಲಿ ಕಡಿಮೆಯಿಲ್ಲ.

ಮಾಡಬೇಕಾದ್ದು ಬೆಟ್ಟದಷ್ಟೇನೂ ಇಲ್ಲ. ಈ ನಾಲ್ಕು ತಾಲ್ಲೂಕಿನ ಪ್ರತಿ ಹೋಬಳಿಯಲ್ಲಿ ಒಂದು ಇಟ್ಟಿಗೆ ಕಣ, ಎರಡು ಒತ್ತುವ ಯಂತ್ರ, ಹತ್ತು ಮಂದಿ ಗಾರೆಯವರಿಗೆ ತಿಂಗಳ ತರಬೇತಿ. ಮಣ್ಣು ಪರೀಕ್ಷಿಸಿ ಅಳತೆ ಹೇಳುವ ಹೊಣೆ ಜಿಲ್ಲಾ ನಿರ್ಮಿತಿ ಕೇಂದ್ರಕ್ಕಿರಲಿ. ಅಂಥ ಕೇಂದ್ರಗಳು ಹುಟ್ಟಿದ್ದೇ ಈ ಉದ್ದೇಶಕ್ಕೆ. ಸೊಪ್ಪಿನ ಹಂಗಾಮು ಮುಗಿದ ಮೇಲೆ ಬ್ಯಾರನ್ ಮುಂದಿನ ಕೈಸಾಲೆಗಳು ಮುಂದಿನ ಮುಂಗಾರಿನವರೆಗೆ ಖಾಲಿ ಬಿದ್ದಿರುತ್ತವೆ. ಹಸಿ ಇಟ್ಟಿಗೆಯನ್ನು ನೆರಳಲ್ಲಿಟ್ಟು ನೀರುಣಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮನೆ ಕಟ್ಟುವ ಕಾಲವೂ ಅದೇ ಬೇಸಿಗೆ. ವಸತಿ ನಿಗಮ ಈ ಇಟ್ಟಿಗೆಯ ಮನೆಗೆ ಪ್ರತ್ಯೇಕ ಎಸ್ಟಿಮೇಟು ಒಪ್ಪಿ, ಕಂತು ಬಿಡುಗಡೆಗೆ ತೊಡಕಾಗದು ಎಂದು ಒಂದು ಸುತ್ತೋಲೆ ಹೊರಡಿಸಲಿ. ಮೊದಲ ಕಟ್ಟಡ ಬಡವರ ಮನೆಯಾಗುವುದು ಬೇಡ. ಕಟ್ಟೆಮಳಲವಾಡಿಯಲ್ಲಿ ಮುಂದೆ ಕಟ್ಟುವ ಸರ್ಕಾರಿ ಕಟ್ಟಡವೊಂದು, ಅಂಗನವಾಡಿಯೋ ಪಂಚಾಯಿತಿ ಕಚೇರಿಯೋ, ಈ ಮಣ್ಣಿನಲ್ಲಿ ಏಳಲಿ. ಏಪ್ರಿಲ್ ಮಧ್ಯಾಹ್ನ ಊರಿನವರು ಅದರೊಳಗೆ ಹೋಗಿ ಒಂದು ಗಳಿಗೆ ಕೂತು, ಆಮೇಲೆ ತಮ್ಮ ಮನೆಯ ಬಗ್ಗೆ ತಾವೇ ತೀರ್ಮಾನಿಸಲಿ.