ಮನೆಯೊಳಗಿನ ವೀರಗಲ್ಲು

ಕನ್ನಡ ನಾಡಿನ ಅನೇಕ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಹಂತದ ಶಿಲ್ಪಗಳಿರುತ್ತವೆ. ಕೆಳಗಿನ ಹಂತದಲ್ಲಿ ವೀರನು ಹೋರಾಡುತ್ತಾನೆ. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನ ಹಂತದಲ್ಲಿ ಅವನು ದೇವಸನ್ನಿಧಿಯನ್ನು ಸೇರಿರುತ್ತಾನೆ. ಅರಸರಿಗಾಗಿ ಕಾದಿದವನಿಗಷ್ಟೇ ಅಲ್ಲದೆ, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ಈ ಗೌರವ ಸಲ್ಲುತ್ತಿತ್ತು. ಮಡಿದವನ ಕುಟುಂಬಕ್ಕೆ ಭೂಮಿಯನ್ನು ದತ್ತಿಯಾಗಿ ಕೊಡುವ ಪದ್ಧತಿಯೂ ಇತ್ತು. ಅದಕ್ಕೆ 'ನೆತ್ತರುಗೊಡಗೆ' ಎಂದು ಹೆಸರು. ವೀರನನ್ನು ನೆನೆಯುವುದೆಂದರೆ ಅವನ ಮನೆಯವರನ್ನೂ ನೆನೆಯುವುದು ಎಂಬ ಅರಿವು ನಮ್ಮ ಪೂರ್ವಿಕರಿಗಿತ್ತು.

ವೀರಗಲ್ಲು ಮಡಿದವನ ಗುರುತು. ಆದರೆ ಯುದ್ಧಕ್ಕೆ ಹೋದವರಲ್ಲಿ ಬಹುಮಂದಿ ಜೀವಂತವಾಗಿ ಮನೆಗೆ ಮರಳುತ್ತಾರೆ. ಹಲವು ಜವಾನರು ನಲವತ್ತು ವರ್ಷ ತುಂಬುವ ಮೊದಲೇ ಸೈನ್ಯದಿಂದ ನಿವೃತ್ತರಾಗಿ ಹೊಲಗದ್ದೆಗಳನ್ನೋ ಬೇರೊಂದು ನೌಕರಿಯನ್ನೋ ನೆಚ್ಚಿ ಬಾಳುತ್ತಾರೆ. ಮನೆಯವರ ಕಣ್ಣಿಗೆ ಅವರು ಬೆಳಗ್ಗೆ ಬೇಗನೆ ಏಳುವ, ಕೂಡಿಟ್ಟ ವಸ್ತುಗಳನ್ನು ಸಾಲಾಗಿ ಜೋಡಿಸುವ ಒಬ್ಬ ಶಿಸ್ತಿನ ಹಿರಿಯರು ಮಾತ್ರ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಎಷ್ಟು ನಿಜವಾಗಿದೆ!

ರಾಷ್ಟ್ರವು ತನ್ನ ಯೋಧರನ್ನು ಮರೆತಿಲ್ಲ. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವು ಸೇನಾ ದಿನವಾಗಿದೆ. ಅವರು 1953ರಲ್ಲಿ ನಿವೃತ್ತರಾದ ಜನವರಿ 14ನೆಯ ದಿನವನ್ನು ಈಗ ಮಾಜಿ ಸೈನಿಕರ ಗೌರವಾರ್ಥವಾಗಿ ಆಚರಿಸುತ್ತಾರೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 2019ರಲ್ಲಿ ದೆಹಲಿಯಲ್ಲಿ ಲೋಕಾರ್ಪಣೆಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ 25,000ಕ್ಕೂ ಹೆಚ್ಚು ಹುತಾತ್ಮರ ಹೆಸರುಗಳಿವೆ. ಇವೆಲ್ಲವೂ ಯೋಗ್ಯವಾದುವೇ. ಆದರೆ ಸೈನಿಕನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬಲ್ಲ ರಾಷ್ಟ್ರವು ಅವನ ಪಕ್ಕದಲ್ಲಿ ಕುಳಿತು ಅವನ ಮಾತನ್ನು ಆಲಿಸಲಾರದು. ಅದು ಮನೆಯವರ ಕರ್ತವ್ಯ.

ಈ ಕರ್ತವ್ಯವನ್ನು ಮರೆತುದರ ಫಲವೇನೆಂಬುದನ್ನು ಇತಿಹಾಸದಲ್ಲಿ ಕಾಣಬಹುದು. ಮೊದಲನೆಯ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನರು ಸೇವೆ ಸಲ್ಲಿಸಿದರು. 74,000ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕುದುರೆ ಸವಾರರಲ್ಲಿ ಮೈಸೂರಿನ ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿದ ಭಾರತೀಯರು ಸುಮಾರು 25 ಲಕ್ಷ. ಅವರಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳಿಗೆ ತಮ್ಮ ಅಜ್ಜ ಯಾವ ಪಡೆಯಲ್ಲಿದ್ದರು, ಯಾವ ಕಡಲನ್ನು ದಾಟಿದರು ಎಂಬುದು ಗೊತ್ತು? ಪದಕವನ್ನು ಬೆಳ್ಳಿಯ ಬೆಲೆಗೆ ಮಾರಿದವರೂ ಉಂಟು. ಗೋಡೆಯ ಮೇಲಿನ ಭಾವಚಿತ್ರದಲ್ಲಿ ಸಮವಸ್ತ್ರ ಮಾತ್ರ ಉಳಿದು, ಅದನ್ನು ತೊಟ್ಟವರ ಹೆಸರು ಅಳಿದುಹೋದ ಮನೆಗಳೂ ಉಂಟು.

"ಸೈನಿಕನು ಸಂಬಳ ಪಡೆದು ದುಡಿದನು, ಈಗ ನಿವೃತ್ತಿ ವೇತನವೂ ಇದೆ, ಇನ್ನೇನು ಋಣ?" ಎಂದು ಕೇಳುವವರಿದ್ದಾರೆ. ಸಂಬಳವು ದುಡಿಮೆಗೆ ಬೆಲೆ ಕಟ್ಟಬಹುದು. ಹಿಮದಲ್ಲಿ ಕಳೆದ ರಾತ್ರಿಗಳಿಗೆ, ನೋಡಲಾಗದೆ ಹೋದ ಮಗುವಿನ ಮೊದಲ ಹೆಜ್ಜೆಗೆ, ಪಕ್ಕದಲ್ಲೇ ಉರುಳಿದ ಗೆಳೆಯನಿಗೆ ಬೆಲೆ ಕಟ್ಟುವುದು ಹೇಗೆ? ಯೋಧನನ್ನು ಗೌರವಿಸಿದರೆ ಯುದ್ಧವನ್ನೇ ಹೊಗಳಿದಂತಾಗುವುದೆಂಬ ಅಳುಕು ಇನ್ನು ಕೆಲವರದು. ಯುದ್ಧದ ಕ್ರೌರ್ಯವನ್ನು ಕಣ್ಣಾರೆ ಕಂಡವನಿಗಿಂತ ಚೆನ್ನಾಗಿ ಶಾಂತಿಯ ಬೆಲೆಯನ್ನು ತಿಳಿಸಬಲ್ಲವರು ಯಾರು?

ಮನೆಯ ಗೌರವಕ್ಕೆ ಹಾರ ತುರಾಯಿಗಳ ಅಗತ್ಯವಿಲ್ಲ. ಎಷ್ಟು ಶತ್ರುಗಳನ್ನು ಕೊಂದಿರಿ ಎಂದು ಕೇಳುವುದು ಅವಿವೇಕ. ಏನು ಉಣ್ಣುತ್ತಿದ್ದಿರಿ, ಮನೆಯ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ನಿಮ್ಮ ಗೆಳೆಯರು ಯಾವ ಊರಿನವರು ಎಂದು ಕೇಳಿದರೆ ಹಿರಿಯರ ಮುಖವರಳುತ್ತದೆ. ಅವರು ಹೇಳಲೊಲ್ಲದ ಸಂಗತಿಯಿದ್ದರೆ ಆ ಮೌನವನ್ನೂ ಗೌರವಿಸಬೇಕು. ಹೇಳಿದುದನ್ನು ಬರೆದಿಡಬೇಕು. ಭಾವಚಿತ್ರದ ಹಿಂದೆ ಹೆಸರು, ಪಡೆ, ಸ್ಥಳ, ವರ್ಷಗಳನ್ನು ಗುರುತಿಸಬೇಕು. ಹಲವು ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆಯನ್ನೂ ಹೆಸರನ್ನೂ ಸಣ್ಣ ಅಕ್ಷರಗಳಲ್ಲಿ ಕೆತ್ತಿರುತ್ತಾರೆ. ಅದನ್ನು ಓದಿ ಬರೆದುಕೊಳ್ಳಬೇಕು. ಅವರು ದೂರದಲ್ಲಿದ್ದಾಗ ಒಬ್ಬಂಟಿಯಾಗಿ ಮಕ್ಕಳನ್ನು ಸಾಕಿ, ಹೊಲ ಮನೆ ನೋಡಿಕೊಂಡು, ಅಂಚೆಯವನ ದಾರಿ ಕಾದ ಅಜ್ಜಿಯ ಕಥೆಯನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಆಕೆಗೆ ಯಾರೂ ಪದಕ ಕೊಟ್ಟಿಲ್ಲ.

ಹೀಗೆ ಮನೆಯಲ್ಲಿ ಹುಟ್ಟಿದ ಅಭಿಮಾನವು ಹೊಸಿಲಲ್ಲೇ ನಿಲ್ಲಬಾರದು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದಲ್ಲಿ ಸೆರೆಯಾದರು. ಆ ದೇಶದ ಅಂದಿನ ಅಧ್ಯಕ್ಷ ಅಯೂಬ್ ಖಾನರು ದೇಶವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು. ಅವರು ಮಗನ ಬಗೆಗೆ ವಿಶೇಷ ದಾಕ್ಷಿಣ್ಯ ತೋರಲು ಮುಂದಾದಾಗ ಕಾರ್ಯಪ್ಪನವರು ಅದನ್ನು ಒಪ್ಪಲಿಲ್ಲ. ಸೆರೆಸಿಕ್ಕ ಎಲ್ಲ ಸೈನಿಕರನ್ನೂ ಸಮಾನವಾಗಿ ಕಾಣಬೇಕೆಂದು ತಿಳಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ತಂದೆಯ ಹೃದಯಕ್ಕೆ ಅದು ಸುಲಭದ ಮಾತಾಗಿರಲಾರದು. ತನ್ನ ಮನೆಯ ಯೋಧನನ್ನು ನಿಜವಾಗಿ ಪ್ರೀತಿಸಿದವನು ಪರರ ಮನೆಯ ಯೋಧನ ನೋವನ್ನೂ ಅರಿಯಬಲ್ಲನು.

ಪ್ರಾಚೀನರು ವೀರನು ಮಡಿದ ಮೇಲೆ ಕಲ್ಲು ನಿಲ್ಲಿಸಿದರು. ಇಂದಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ಭಾಗ್ಯವಿದೆ. ಮನೆಯ ಜಗಲಿಯಲ್ಲಿ ಕುಳಿತ ಆ ಹಿರಿಯರು ಇನ್ನೂ ಮಾತನಾಡಬಲ್ಲರು. ಅವರ ದನಿ ಇರುವಾಗಲೇ ಕೇಳಬೇಕು. ತಡಮಾಡಿದರೆ ಕಲ್ಲಿನ ಮೇಲೆ ಕೆತ್ತಲು ಹೆಸರೊಂದು ಮಾತ್ರ ಉಳಿದೀತು.